ಕೆಂಪು ವೈನಿನ ದ್ರಾಕ್ಷಿಯೂ ನಮ್ಮ ಬೆಂಗಳೂರು ನೀಲಿಯೂ

ವಿಜಯವಾಡದಲ್ಲಾಗಲಿ ವಿಶಾಖಪಟ್ಟಣದಲ್ಲಾಗಲಿ, ಹಣ್ಣಿನ ಅಂಗಡಿಯ ಮುಂದೆ ನಿಂತ ನಮ್ಮವರಲ್ಲಿ ಒಂದು ಪ್ರಶ್ನೆ ಏಳುವುದುಂಟು: ಕೆಂಪು ವೈನನ್ನು ಈ ಕಪ್ಪು ದ್ರಾಕ್ಷಿಯಿಂದಲೇ ತೆಗೆಯುತ್ತಾರೆಯೇ? ಕುಡಿಯುವುದು ಬಿಡುವುದು ಅವರವರಿಗೆ ಸೇರಿದ್ದು. ನಾವು ಹೇಳಹೊರಟಿರುವುದು ಹಣ್ಣಿನ ವಿಚಾರ ಮಾತ್ರ.

ಕಪ್ಪು ದ್ರಾಕ್ಷಿಯನ್ನು ಸೀಳಿ ನೋಡಿ, ಒಳಗಿನ ರಸಕ್ಕೆ ಸಾಮಾನ್ಯವಾಗಿ ಬಣ್ಣವಿರದು. ಬಣ್ಣವೆಲ್ಲ ಸಿಪ್ಪೆಯದು. ಸಿಪ್ಪೆಯೊಡನೆ ರಸ ಹುದುಗಿದರೆ ಕೆಂಪು ವೈನು. ಅಡಕೆ ಅಗಿದಾಗ ನಾಲಗೆ ಹಿಡಿಯುವಂಥ ಒಗರೂ ಸಿಪ್ಪೆ, ಬೀಜಗಳಿಂದಲೇ ಇಳಿಯುತ್ತದೆ.

ಕ್ಯಾಬರ್ನೆ ಸೋವಿನ್ಯೋನ್ ಸಣ್ಣ ಹಣ್ಣು, ದಪ್ಪ ಸಿಪ್ಪೆ. ಆದ್ದರಿಂದ ಅದರ ವೈನು ಬಲು ಒಗರು, ಕೆಲವು ವರ್ಷ ಇಟ್ಟರೆ ಹದಕ್ಕೆ ಬರುತ್ತದೆ. ಮೆರ್ಲೊ ಮೃದು. ಶಿರಾಜ್ ವೈನಿನಲ್ಲಿ ಕರಿಮೆಣಸಿನ ವಾಸನೆ. ಮೆಣಸಿಗೂ ಅದಕ್ಕೂ ಆ ವಾಸನೆ ಕೊಡುವ ವಸ್ತು ಒಂದೇ ಎಂದು 2008ರಲ್ಲಿ ತಿಳಿಯಿತು. ಮೂರೂ ಫ್ರಾನ್ಸಿನ ತಳಿಗಳು. ಈಗ ನಂದಿಬೆಟ್ಟದ ಸುತ್ತಲೂ, ವಿಜಯಪುರ ಬಾಗಲಕೋಟೆಗಳ ಕೃಷ್ಣಾ ಕಣಿವೆಯಲ್ಲೂ ವೈನಿನ ದ್ರಾಕ್ಷಿ ಬೆಳೆಯುತ್ತಾರೆ. ವಿಜಯವಾಡದವರು ಪ್ರಕಾಶಂ ಬ್ಯಾರೇಜಿನ ಮೇಲಿಂದ ನೋಡುವ ಕೃಷ್ಣೆಯೇ ಅದು!

ನಮ್ಮ ಬೆಂಗಳೂರು ನೀಲಿಯ ವಂಶ ಬೇರೆ, ಅಮೆರಿಕದ್ದು. ಹಿಂಡಿದರೆ ತಿರುಳು ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುತ್ತದೆ. ಅದರ ಗಾಢ ವಾಸನೆಗೆ ವೈನು ಬಲ್ಲವರು ಮೂಗು ಮುರಿಯುತ್ತಾರೆ. ಪಾನಕಕ್ಕೆ, ಜಾಮಿಗೆ ಅದೇ ವಾಸನೆ ಬೇಕು. ವರ್ಷಕ್ಕೆ ಎರಡು ಬೆಳೆ ಕೊಟ್ಟು ಸಣ್ಣ ರೈತನನ್ನು ಸಾಕಿದ ಬಳ್ಳಿಯಿದು. 2013ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ಆದರೆ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ಕಡೆ ತೋಟದ ನೆಲಕ್ಕೆ ಸೈಟಿನ ಬೆಲೆ ಬಂದಿದೆ. ಬಳ್ಳಿ ಎಷ್ಟು ಕಾಯಿ ಬಿಟ್ಟರೂ ಆ ಬೆಲೆಗೆ ಸಾಟಿಯಾಗದು.

ಊರಿಗೆ ಹೋಗಿಬರುವವರು ನಾಲ್ಕು ಗೊಂಚಲು ತಂದರೆ ವಾಚನಾಲಯದ ಮೇಜಿನ ಮೇಲಿಡೋಣ.