ಮನೆಯ ಅಕ್ವೇರಿಯಂನಲ್ಲಿ ದೊಡ್ಡ ಸಿಕ್ಲಿಡ್ ಮೀನುಗಳ ಪಾಲನೆ: ಕೆಮ್ಮಣ್ಣು ಹಾಗೂ ಸುತ್ತಲಿನ ನದೀತೀರದ ನಿವಾಸಿಗಳಿಗೆ ಮಾಹಿತಿ

1. ಪೀಠಿಕೆ

ಅಲಂಕಾರಿಕ ಮೀನುಗಳಲ್ಲಿ ಸಿಕ್ಲಿಡ್ ಕುಟುಂಬಕ್ಕೆ ಸೇರಿದ ಆಸ್ಕರ್ ಹಾಗೂ ಫ್ಲವರ್‌ಹಾರ್ನ್ ಮೀನುಗಳಿಗೆ ಹೆಚ್ಚಿನ ಬೇಡಿಕೆ ಇರುತ್ತದೆ. ಆಸ್ಕರ್ ಮೀನಿನ ಮೂಲ ನೆಲೆ ದಕ್ಷಿಣ ಅಮೆರಿಕದ ಅಮೆಜಾನ್ ನದೀ ಪ್ರದೇಶ. ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಅಭಿವೃದ್ಧಿಪಡಿಸಲಾದ ಮಿಶ್ರತಳಿಯಾಗಿದೆ. ಅಂಗಡಿಯಲ್ಲಿ ಎರಡು ಅಂಗುಲವಿರುವ ಆಸ್ಕರ್ ಮರಿಯು ಉತ್ತಮ ಪಾಲನೆಯಲ್ಲಿ ಸುಮಾರು ಒಂದು ಅಡಿಯವರೆಗೆ ಬೆಳೆಯುತ್ತದೆ ಹಾಗೂ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲದು. ಆದ್ದರಿಂದ ಖರೀದಿಗೆ ಮುನ್ನ ಸ್ಥಳ, ನೀರು ಹಾಗೂ ವಿದ್ಯುತ್ ವ್ಯವಸ್ಥೆಯನ್ನು ಪರಿಶೀಲಿಸಿಕೊಳ್ಳುವುದು ಅವಶ್ಯಕ.

2. ತೊಟ್ಟಿಯ ಗಾತ್ರ

ಬೆಳೆದ ಒಂದು ಆಸ್ಕರ್ ಮೀನಿಗೆ ಕನಿಷ್ಠ 300 ಲೀಟರ್ ನೀರು ಬೇಕಾಗುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಹಾಗೂ 60 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ ಅಂಚಿನಿಂದ 5 ಸೆಂ.ಮೀ. ಬಿಟ್ಟು ನೀರು ತುಂಬಿದರೆ ಸುಮಾರು 297 ಲೀಟರ್ ಹಿಡಿಯುತ್ತದೆ. ನೀರಿನ ಭಾರವೇ ಸುಮಾರು 300 ಕಿಲೋಗ್ರಾಂ ಆಗುವುದರಿಂದ ತೊಟ್ಟಿಯನ್ನು ಸಮತಟ್ಟಾದ ನೆಲದ ಮೇಲೆ, ಗಟ್ಟಿಯಾದ ಸ್ಟ್ಯಾಂಡ್‌ನಲ್ಲಿ ಇಡತಕ್ಕದ್ದು. ಆಸ್ಕರ್ ನೀರಿನಿಂದ ಜಿಗಿಯುವ ಸ್ವಭಾವದ್ದಾಗಿರುವುದರಿಂದ ಭದ್ರವಾದ ಮುಚ್ಚಳ ಇರಬೇಕು. ಫ್ಲವರ್‌ಹಾರ್ನ್ ಮೀನು ಜೊತೆಗಾರ ಮೀನುಗಳ ಮೇಲೆ ಆಕ್ರಮಣ ಮಾಡುವುದರಿಂದ ಅದನ್ನು ಒಂಟಿಯಾಗಿ ಸಾಕುವುದು ಸೂಕ್ತ.

3. ನೀರಿನ ಗುಣಮಟ್ಟ

ಮೀನಿನ ವಿಸರ್ಜನೆ ಹಾಗೂ ಉಳಿದ ಆಹಾರದಿಂದ ಅಮೋನಿಯಾ ಉತ್ಪತ್ತಿಯಾಗುತ್ತದೆ. ಫಿಲ್ಟರ್‌ನಲ್ಲಿ ಬೆಳೆಯುವ ಉಪಯುಕ್ತ ಬ್ಯಾಕ್ಟೀರಿಯಾಗಳು ಇದನ್ನು ಮೊದಲು ನೈಟ್ರೈಟ್ ಆಗಿ, ನಂತರ ಕಡಿಮೆ ವಿಷಕಾರಿಯಾದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ನಂತರ ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗದಷ್ಟು ನೀರನ್ನು ಬದಲಾಯಿಸಬೇಕು. ನಲ್ಲಿ ನೀರನ್ನು ಕ್ಲೋರಿನ್ ನಿವಾರಿಸಿದ ನಂತರವೇ ಬಳಸತಕ್ಕದ್ದು.

ಬಾವಿ ನೀರು ಬಳಸುವವರು ಎರಡು ಅಂಶಗಳನ್ನು ಗಮನಿಸಬೇಕು.

(ಅ) ಮುರಕಲ್ಲು ಪ್ರದೇಶದ ಬಾವಿ ನೀರು ಸಾಮಾನ್ಯವಾಗಿ ಮೃದು ಹಾಗೂ ಆಮ್ಲೀಯವಾಗಿರುತ್ತದೆ. ಇಂತಹ ನೀರಿನಲ್ಲಿ ಪಿಎಚ್ ಮಟ್ಟ 6ಕ್ಕಿಂತ ಕೆಳಗಿಳಿದರೆ ಉಪಯುಕ್ತ ಬ್ಯಾಕ್ಟೀರಿಯಾಗಳ ಕಾರ್ಯ ಕುಂಠಿತವಾಗುತ್ತದೆ. ಚೆನ್ನಾಗಿ ತೊಳೆದ ಮರುವಾಯಿ ಚಿಪ್ಪುಗಳನ್ನು ಸ್ವಲ್ಪ ಪ್ರಮಾಣದಲ್ಲಿ ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್‌ನಲ್ಲಿ ಇಟ್ಟರೆ ಪಿಎಚ್ ನಿಧಾನವಾಗಿ ಏರುತ್ತದೆ. ಒಮ್ಮೆಲೇ ಸುಣ್ಣ ಹಾಕಬಾರದು. ಆಮ್ಲೀಯ ನೀರಿನಲ್ಲಿ ಹೆಚ್ಚಿನ ಹಾನಿ ಮಾಡದೆ ಉಳಿದಿರುವ ಅಮೋನಿಯಂ, ಪಿಎಚ್ ಹಠಾತ್ತನೆ ಏರಿದಾಗ ವಿಷಕಾರಿ ಅಮೋನಿಯಾ ಆಗಿ ಮಾರ್ಪಟ್ಟು ಮೀನುಗಳು ಸಾಯಬಹುದು.

(ಆ) ಅಳಿವೆಗೆ ಸಮೀಪದ ಬಾವಿಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಉಪ್ಪಿನಂಶ ಸೇರುವ ಸಾಧ್ಯತೆ ಇರುತ್ತದೆ. ಆಸ್ಕರ್ ಸಿಹಿನೀರಿನ ಮೀನಾಗಿರುವುದರಿಂದ ಈ ಅವಧಿಯಲ್ಲಿ ನೀರನ್ನು ಪರೀಕ್ಷಿಸಿಯೇ ಬಳಸಬೇಕು.

4. ಆಹಾರ

ತೇಲುವ ಪೆಲೆಟ್ ಆಹಾರವನ್ನು ದಿನಕ್ಕೆ ಒಂದೆರಡು ಬಾರಿ, ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ನೀಡಬೇಕು. ಸಿಪ್ಪೆ ತೆಗೆದ ಸಿಗಡಿಯನ್ನು ಆಗಾಗ ಕೊಡಬಹುದು. ಕುರಿ ಹಾಗೂ ದನದ ಮಾಂಸದ ಕೊಬ್ಬು ಮೀನಿಗೆ ಜೀರ್ಣವಾಗುವುದಿಲ್ಲ. ಜೀವಂತ ಸಣ್ಣ ಮೀನುಗಳನ್ನು ಆಹಾರವಾಗಿ ನೀಡಿದಲ್ಲಿ ರೋಗಾಣುಗಳು ತೊಟ್ಟಿಗೆ ಪ್ರವೇಶಿಸುವ ಅಪಾಯವಿದೆ.

5. ಮಳೆಗಾಲದ ವಿದ್ಯುತ್ ವ್ಯತ್ಯಯ

ವಿದ್ಯುತ್ ನಿಂತಾಗ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಬ್ಯಾಟರಿ ಚಾಲಿತ ಏರ್ ಪಂಪನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ವಿದ್ಯುತ್ ಮರಳುವವರೆಗೆ ಆಹಾರ ನೀಡಬಾರದು. ಮುಚ್ಚಿದ ಡಬ್ಬಿ ಮಾದರಿಯ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ, ಅದರೊಳಗಿನ ಕೊಳೆತ ನೀರನ್ನು ಚೆಲ್ಲಿ, ಒಳಗಿನ ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ತೊಳೆದು, ನಂತರ ಚಾಲನೆ ಮಾಡತಕ್ಕದ್ದು.

6. ನದಿಗೆ ಬಿಡಬಾರದು

ಮೀನು ತೊಟ್ಟಿಗೆ ಮೀರಿ ಬೆಳೆದಾಗ ಅದನ್ನು ಹೊಳೆಗೆ ಬಿಡುವುದು ದಯೆಯ ಕಾರ್ಯವೆಂದು ಕೆಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಇದರಿಂದ ನದಿಯ ಮೂಲ ಮೀನುಗಳಿಗೆ ಹಾನಿಯಾಗುತ್ತದೆ. 1952ರಲ್ಲಿ ಭಾರತಕ್ಕೆ ತರಲಾದ ಮೊಜಾಂಬಿಕ್ ತಿಲಾಪಿಯಾ ಸಹ ಸಿಕ್ಲಿಡ್ ಮೀನೇ ಆಗಿದ್ದು, ಇಂದು ದೇಶದ ಅನೇಕ ಕೆರೆ ಹಾಗೂ ನದಿಗಳಲ್ಲಿ ಹರಡಿಕೊಂಡಿದೆ. ಒಮ್ಮೆ ನೆಲೆಯೂರಿದ ಹೊರಗಿನ ಮೀನನ್ನು ಹರಿಯುವ ನೀರಿನಿಂದ ಪೂರ್ಣವಾಗಿ ತೆಗೆಯುವುದು ಅಸಾಧ್ಯವೆಂದೇ ಹೇಳಬಹುದು.

ಭಾರತಕ್ಕೆ ಮೂಲವಾದ ಸಿಕ್ಲಿಡ್‌ಗಳು ಮೂರೇ ಪ್ರಭೇದಗಳು. ಕರಿಮೀನ್ ಎಂದು ಕೇರಳದಲ್ಲಿ ಪ್ರಸಿದ್ಧವಾದ ಪರ್ಲ್‌ಸ್ಪಾಟ್ ಹಾಗೂ ಕಿತ್ತಳೆ ಬಣ್ಣದ ಕ್ರೋಮೈಡ್ ಕರಾವಳಿಯ ಹಿನ್ನೀರಿನಲ್ಲಿ ವಾಸಿಸುತ್ತವೆ. ಮೂರನೆಯದಾದ ಕೆನರಾ ಪರ್ಲ್‌ಸ್ಪಾಟ್ ಅನ್ನು ಫ್ರಾನ್ಸಿಸ್ ಡೇ ಅವರು 1877ರಲ್ಲಿ ವಿವರಿಸಿದ್ದು, ಕನ್ನಡ ಜಿಲ್ಲೆಯ ಹೆಸರನ್ನೇ ಹೊತ್ತ ಈ ಮೀನು ನೇತ್ರಾವತಿಯಂತಹ ಪಶ್ಚಿಮಘಟ್ಟದ ಕೆಲವೇ ನದಿಗಳಿಗೆ ಸೀಮಿತವಾಗಿದೆ. ಅಕ್ವೇರಿಯಂಗಾಗಿ ಇದನ್ನು ನದಿಯಿಂದ ಹಿಡಿಯಬಾರದು.

ಸ್ವರ್ಣಾ ನದಿಯು ಕೆಮ್ಮಣ್ಣಿನ ಕುದ್ರುಗಳನ್ನು ಬಳಸಿ ಹರಿದು ಕೋಡಿಬೆಂಗ್ರೆ ಬಳಿ ಸಮುದ್ರ ಸೇರುತ್ತದೆ. ಈ ನೀರಿನ ಮೀನು ಹಾಗೂ ಮರುವಾಯಿಯನ್ನು ನಂಬಿ ಬದುಕುವ ಕುಟುಂಬಗಳಿವೆ. ಆದ್ದರಿಂದ ಬೇಡವಾದ ಮೀನನ್ನು ಮಾರಾಟಗಾರರಿಗೆ ಹಿಂದಿರುಗಿಸಬೇಕು ಅಥವಾ ದೊಡ್ಡ ತೊಟ್ಟಿ ಹೊಂದಿರುವ ಬೇರೆ ಸಾಕಣೆದಾರರಿಗೆ ನೀಡಬೇಕು. ಅಂಗಳದ ತೆರೆದ ತೊಟ್ಟಿಗಳು ಮಳೆಗೆ ತುಂಬಿ ಮೀನುಗಳು ತೋಡಿಗೆ ಹರಿದುಹೋಗದಂತೆ ಬಲೆ ಅಳವಡಿಸತಕ್ಕದ್ದು.

7. ಸಹಾಯಧನ

ಅಲಂಕಾರಿಕ ಮೀನು ಸಾಕಣೆಯನ್ನು ಉಪಕಸುಬಾಗಿ ಕೈಗೊಳ್ಳುವವರಿಗಾಗಿ 2020ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಘಟಕಕ್ಕೆ ರೂ. 3.00 ಲಕ್ಷ ಘಟಕ ವೆಚ್ಚ ನಿಗದಿಪಡಿಸಲಾಗಿತ್ತು. ಇದರಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40 ಹಾಗೂ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇ. 60 ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಅರ್ಜಿ ಸಲ್ಲಿಸಲು ಇಚ್ಛಿಸುವವರು ಘಟಕಕ್ಕೆ ಹಣ ತೊಡಗಿಸುವ ಮೊದಲೇ ಚಾಲ್ತಿಯಲ್ಲಿರುವ ಯೋಜನೆ, ಅರ್ಹತೆ ಹಾಗೂ ಅಗತ್ಯ ದಾಖಲೆಗಳ ಬಗ್ಗೆ ತಮ್ಮ ವ್ಯಾಪ್ತಿಯ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು.