ಹಾಲು, ಗಸಗಸೆ, ಹರಳೆಣ್ಣೆ: ನಿದ್ದೆಯ ಮದ್ದುಗಳ ತಪ್ಪು ಕಲ್ಪನೆ ಮತ್ತು ಸತ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ, ಅಂದರೆ ಇಂದಿನ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ, ನಿದ್ದೆ ಹತ್ತದವರಿಗೆ ಮನೆಯವರೂ ನೆರೆಯವರೂ ಹೇಳುವ ಮದ್ದುಗಳು ಹೆಚ್ಚಾಗಿ ಅಡುಗೆಮನೆಯವೇ ಆಗಿರುತ್ತವೆ: ಮಲಗುವ ಮುಂಚೆ ಒಂದು ಲೋಟ ಎಮ್ಮೆ ಹಾಲು, ಹೊಟ್ಟೆ ತುಂಬ ಮುದ್ದೆ, ಊಟದ ಜೊತೆ ಹಸಿ ಉಳ್ಳಾಗಡ್ಡಿ, ಹಬ್ಬದ ದಿನ ಗಸಗಸೆ ಪಾಯಸ, ಎಳೆಗೂಸಿಗೆ ತೇಯ್ದ ಜಾಜಿಕಾಯಿ, ಬೇಸಿಗೆಯಲ್ಲಿ ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ. ಈ ಮದ್ದು ಮಾಡಿದ ಮೇಲೆ ಅನೇಕರಿಗೆ ನಿದ್ದೆ ಬರುವುದು ನಿಜವಾದ್ದರಿಂದ ಇವನ್ನು ಸಾರಾಸಗಟಾಗಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ; ಆದರೆ ನಿದ್ದೆ ಬಂತೇ ಎಂಬುದು ಒಂದು ಪ್ರಶ್ನೆ, ಆ ಪದಾರ್ಥದಿಂದಲೇ ಬಂತೇ ಎಂಬುದು ಬೇರೆಯೇ ಪ್ರಶ್ನೆ, ಎರಡನ್ನೂ ಕಲಸಿಕೊಂಡಾಗ ತಪ್ಪು ಕಲ್ಪನೆ ಹುಟ್ಟುತ್ತದೆ. ಎರಡನೆಯ ಪ್ರಶ್ನೆಯನ್ನು ಒಂದೊಂದು ಮದ್ದಿಗೂ ಹಾಕಿ ನೋಡಿದರೆ ಸಿಗುವ ಉತ್ತರ ಬಹುತೇಕ ಒಂದೇ ಬಗೆಯದು: ದಿನವೂ ತಿನ್ನಬಹುದಾದ ಪದಾರ್ಥದಲ್ಲಿ ನಿದ್ದೆ ತರಿಸುವಷ್ಟು ಬಲ ಇರುವುದಿಲ್ಲ, ಅಷ್ಟು ಬಲ ಇರುವುದನ್ನು ದಿನವೂ ತಿನ್ನುವಂತಿಲ್ಲ.

ನಿದ್ದೆ ಬರುವುದು ಮೂರು ಸಂಗತಿಗಳು ಒಟ್ಟಿಗೆ ಕೂಡಿದಾಗ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಕಣ್ಣಿಗೆ ಬೀಳುವ ಬೆಳಕಿನಿಂದ ಹೊತ್ತು ಗುರುತಿಸುವ ದೇಹದ ಒಳಗಡಿಯಾರವು ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವಂತೆ ಮಾಡುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದೇಹದ ಒಳಗಿನ ಕಾವು ಇಳಿಯತೊಡಗುತ್ತದೆ. ಆಹಾರವು ಈ ಮೂರನ್ನೂ ಅಂಚಿನಲ್ಲಿ ಮುಟ್ಟಬಲ್ಲದೇ ಹೊರತು ಆಳಲಾರದು.

ಹಾಲಿನ ವಿಷಯದಲ್ಲಿ ನಂಬಿಕೆ ಬಹಳ ಹಳೆಯದು. ನಿದ್ದೆ ತರುವ ಪದಾರ್ಥಗಳಲ್ಲಿ ಎಮ್ಮೆಯ ಹಾಲೇ ಮೊದಲನೆಯದೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಈಗಿನವರು ಅದಕ್ಕೆ ಹೊಸ ಕಾರಣವೊಂದನ್ನು ಕೊಡುತ್ತಾರೆ: ಹಾಲಿನಲ್ಲಿ ಟ್ರಿಪ್ಟೊಫಾನ್ ಇದೆ, ಅದರಿಂದ ದೇಹವು ಸೆರೊಟೋನಿನ್ ಅನ್ನೂ ಅದರಿಂದ ಮುಂದೆ ಮೆಲಟೋನಿನ್ ಅನ್ನೂ ತಯಾರಿಸುತ್ತದೆ ಎಂಬುದೇ ಆ ಕಾರಣ. ಟ್ರಿಪ್ಟೊಫಾನ್ ಎಂದರೆ ಪ್ರೋಟೀನಿನ ಒಂದು ಘಟಕ, ಅಮೈನೊ ಆಮ್ಲ. ಹೇಳಿದ ಕಾರ್ಯಸರಣಿಯೂ ನಿಜವೇ, ತಪ್ಪಿರುವುದು ಲೆಕ್ಕದಲ್ಲಿ. 100 ಗ್ರಾಂ ಹಾಲಿನಲ್ಲಿ ಟ್ರಿಪ್ಟೊಫಾನ್ ಇರುವುದು ಸುಮಾರು 40ರಿಂದ 50 ಮಿಲಿಗ್ರಾಂ, ಆದ್ದರಿಂದ ಒಂದು ಲೋಟಕ್ಕೆ ಸುಮಾರು 100 ಮಿಲಿಗ್ರಾಂ ಎಂದಿಟ್ಟುಕೊಳ್ಳಬಹುದು. ನಿದ್ದೆಯ ಪ್ರಯೋಗಗಳಲ್ಲಿ ಸ್ಪಷ್ಟ ಪರಿಣಾಮ ಕಂಡದ್ದು ಸಾಮಾನ್ಯವಾಗಿ ಒಂದು ಗ್ರಾಂ ಅಥವಾ ಅದಕ್ಕೂ ಹೆಚ್ಚು ಟ್ರಿಪ್ಟೊಫಾನನ್ನು ಬಿಡಿಯಾಗಿ ಕೊಟ್ಟಾಗ. ಸಾಲದ್ದಕ್ಕೆ, ಹಾಲಿನಲ್ಲೇ ಇರುವ ಬೇರೆ ಅಮೈನೊ ಆಮ್ಲಗಳು ಮಿದುಳಿನ ಬಾಗಿಲಲ್ಲಿ ಅದರೊಂದಿಗೆ ಪೈಪೋಟಿಗೆ ನಿಲ್ಲುತ್ತವೆ. ಟ್ರಿಪ್ಟೊಫಾನೇ ನಿದ್ದೆಯ ಗುಟ್ಟಾಗಿದ್ದರೆ ಆ ಕೀರ್ತಿ ಈ ಸೀಮೆಯ ಶೇಂಗಾಕ್ಕೆ ಸಲ್ಲಬೇಕಿತ್ತು, ಏಕೆಂದರೆ 100 ಗ್ರಾಂ ಶೇಂಗಾಬೀಜದಲ್ಲಿ ಅದು ಸುಮಾರು 250 ಮಿಲಿಗ್ರಾಂ ಇದೆ; ಹಾಗಿದ್ದೂ ಹುರಿದ ಶೇಂಗಾ ತಿಂದು ತೂಕಡಿಸಿದವರ ಸುದ್ದಿ ಹೊಲದಲ್ಲೂ ಇಲ್ಲ, ಸಂತೆಯಲ್ಲೂ ಇಲ್ಲ. ಮೆಲಟೋನಿನ್ ಕಥೆಯೂ ಇಂಥದೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರನ್ ಲರ್ನರ್ 1958ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ದನಗಳಿಂದಲೇ ಆದರೂ ಅವುಗಳ ಮಿದುಳಿನ ಗ್ರಂಥಿಯಿಂದ, ಕೆಚ್ಚಲಿನಿಂದಲ್ಲ; ಹಾಲಿನಲ್ಲಿ ಅದು ಇರುವುದು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಹಾಗಾದರೆ ಹಾಲು ಕುಡಿದವರಿಗೆ ನಿದ್ದೆ ಬರುವುದೇಕೆ? ದಿನವೂ ಅದೇ ಹೊತ್ತಿಗೆ, ಕೆಲಸವೆಲ್ಲ ಮುಗಿದ ಮೇಲೆ, ಕೂತು ಕುಡಿಯುವ ಬೆಚ್ಚನೆಯ ಲೋಟವು ಮಲಗುವ ಹೊತ್ತಾಯಿತೆಂಬ ಸೂಚನೆಯಾಗಿ ಮನಸ್ಸಿಗೆ ರೂಢಿಯಾಗಿರುತ್ತದೆ, ಹಸಿವೂ ಅಡಗಿರುತ್ತದೆ. ಸಕ್ಕರೆಕಾಯಿಲೆಯವರು ಬೆಲ್ಲ, ಸಕ್ಕರೆ ಬಿಟ್ಟು ಕುಡಿದರೆ ಇದರಿಂದ ತೊಂದರೆಯಿಲ್ಲ, ಬಿಡಬೇಕಾದ ಅಭ್ಯಾಸವೂ ಇದಲ್ಲ.

ಮುದ್ದೆಯದು ಇನ್ನೊಂದು ಬಗೆ. ಮಧ್ಯಾಹ್ನ ಮುದ್ದೆ ಉಂಡವರಿಗೆ ಜೋಂಪು ಹತ್ತುವುದನ್ನು ಕಂಡು, ರಾತ್ರಿಯೂ ಹೊಟ್ಟೆ ಬಿರಿಯ ಉಂಡರೆ ಗಾಢ ನಿದ್ದೆ ಬರುತ್ತದೆಂದು ಭಾವಿಸುವುದುಂಟು. ಮಧ್ಯಾಹ್ನ ಒಂದರಿಂದ ಮೂರರ ನಡುವಿನ ಮಂಪರು ಒಳಗಡಿಯಾರದ್ದೇ ಆಟ, ಊಟ ಬಿಟ್ಟವರಿಗೂ ಅದು ತಪ್ಪದು. ದೊಡ್ಡ ಊಟ ಅದನ್ನು ಹೆಚ್ಚಿಸುತ್ತದೆ, ಅಷ್ಟೇ. ಪಿಷ್ಟದ ಊಟಕ್ಕೆ ಸ್ವಲ್ಪ ಪರಿಣಾಮ ಇರುವುದಕ್ಕೆ ಆಧಾರವಿದೆ: 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಸಣ್ಣ ಅಧ್ಯಯನದಲ್ಲಿ, ಮಲಗುವ ನಾಲ್ಕು ಗಂಟೆ ಮುಂಚೆ ಬೇಗ ಜೀರ್ಣವಾಗುವ ಅಕ್ಕಿಯ ಅನ್ನ ಉಂಡ 12 ಪುರುಷರು ಸರಾಸರಿ 9 ನಿಮಿಷದಲ್ಲಿ ನಿದ್ದೆಹೋದರು, ನಿಧಾನವಾಗಿ ಜೀರ್ಣವಾಗುವ ಅಕ್ಕಿಯ ಅನ್ನ ಉಂಡಾಗ ಅವರಿಗೇ ಸುಮಾರು 17 ನಿಮಿಷ ಹಿಡಿಯಿತು. ಇಲ್ಲಿ ನೋಡಬೇಕಾದ್ದು ನಾಲ್ಕು ಗಂಟೆ ಎಂಬ ಅಂತರವನ್ನು. ಉಂಡ ಕೂಡಲೇ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ನುಗ್ಗಿ ಎದೆಯುರಿ ಎಬ್ಬಿಸುತ್ತದೆ, ಸಂಜೆಯ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ರಾತ್ರಿ ಒಂಬತ್ತಕ್ಕೆ ಜಾರಿದ ದಿನಗಳಲ್ಲಂತೂ ಇದು ಖಚಿತ. ಹಸಿ ಉಳ್ಳಾಗಡ್ಡಿ ನಿದ್ದೆ ತರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಎದೆಯುರಿಯವರಲ್ಲಿ ಅದು ಉರಿಯನ್ನು ಹೆಚ್ಚಿಸುವುದು ಮಾತ್ರ ಪರೀಕ್ಷೆಯಿಂದ ಸಿದ್ಧವಾಗಿದೆ. ಮೊಸರನ್ನದ ವಿಷಯದಲ್ಲಿ ಚರಕಸಂಹಿತೆಯೇ ಎರಡು ಮಾತು ಆಡುತ್ತದೆ, ನಿದ್ದೆ ಕೆಟ್ಟವರಿಗೆ ಮೊಸರು ಕಲಸಿದ ಅನ್ನವನ್ನು ಹೇಳುವ ಗ್ರಂಥವೇ ಬೇರೆಡೆ ರಾತ್ರಿ ಮೊಸರು ಕೂಡದೆನ್ನುತ್ತದೆ, ಜೀರ್ಣವಾಗುವವರು ಉಣ್ಣಬಹುದು.

ಗಸಗಸೆಯ ಮೇಲಿನ ನಂಬಿಕೆಗೆ ಅದರ ಕುಲವೇ ಕಾರಣ. ಅಫೀಮು ಸಿಗುವುದೂ ಗಸಗಸೆ ಸಿಗುವುದೂ ಒಂದೇ ಗಿಡದಿಂದ, ಆದರೆ ಅಫೀಮು ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು, ಗಸಗಸೆ ಒಣಗಿದ ಕಾಯಿಯೊಳಗಿನ ಬೀಜ. ಬೀಜದಲ್ಲಿ ಮಾರ್ಫಿನ್ ಹುಟ್ಟುವುದಿಲ್ಲ, ಕೊಯ್ಲಿನಲ್ಲಿ ಹೊರಗಿನಿಂದ ಅಂಟಿದ್ದು ಮಾತ್ರ ಇರುತ್ತದೆ, ತೊಳೆದು ನೆನೆಸಿ ಹುರಿದು ರುಬ್ಬಿದಾಗ ಅದೂ ಬಹುಪಾಲು ಹೋಗುತ್ತದೆ. 1985ರ ಮಾದಕವಸ್ತು ಕಾಯ್ದೆ ಗಿಡದ ಒಣಭಾಗಗಳ ಮೇಲೆ ನಿರ್ಬಂಧ ಹಾಕುವಾಗ ಬೀಜವನ್ನು ಕೈಬಿಟ್ಟಿರುವುದರಿಂದಲೇ ಅದು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ; ಸಿಂಗಪುರಕ್ಕಾಗಲಿ ದುಬೈಗಾಗಲಿ ಹೋಗುವವರು ಮಾತ್ರ ಅದನ್ನು ಚೀಲದಲ್ಲಿ ಒಯ್ಯಬಾರದು, ಅಲ್ಲಿ ಅದಕ್ಕೆ ನಿಷೇಧವಿದೆ. ಪಾಯಸ ಕುಡಿದವರು ಹಬ್ಬದ ಮಧ್ಯಾಹ್ನ ಹಾಸಿಗೆ ಹುಡುಕುವುದಕ್ಕೆ ಅದರ ಮುಂಚೆ ಎಲೆಗೆ ಬಿದ್ದ ಹೋಳಿಗೆ, ತುಪ್ಪ ಮತ್ತು ಬೆಳಗಿನಿಂದ ಮಾಡಿದ ಕೆಲಸ ಸಾಕಷ್ಟು ಕಾರಣ.

ಜಾಜಿಕಾಯಿಯ ಮಾತು ಇಷ್ಟು ಹಗುರವಲ್ಲ. ಸಾಣೆಕಲ್ಲಿನ ಮೇಲೆ ಎದೆಹಾಲು ಹಾಕಿ ಜಾಜಿಕಾಯಿ, ಬಜೆ, ಅಳಲೆಕಾಯಿಗಳನ್ನು ಒಂದೆರಡು ಸುತ್ತು ತೇಯ್ದು ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಸವರುವ ಪದ್ಧತಿ ಬಾಣಂತಿಯ ಮನೆಗಳಲ್ಲಿ ಇನ್ನೂ ಇದೆ, ಕೂಸು ಇದರಿಂದ ರಾತ್ರಿಯಿಡೀ ಮಲಗುತ್ತದೆಂಬುದು ಹಿರಿಯರ ನಂಬಿಕೆ. ಜಾಜಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಎಂಬ ಅಂಶ ನಿಜಕ್ಕೂ ಮಿದುಳನ್ನು ಮುಟ್ಟುವಂಥದು: ದೊಡ್ಡವರಲ್ಲೇ 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಕಾಯಿ, ಹೊಟ್ಟೆಗೆ ಹೋದರೆ ಕೆಲವು ಗಂಟೆಗಳ ಬಳಿಕ ವಾಂತಿ, ಎದೆಬಡಿತ, ಬಾಯಿ ಒಣಗುವುದು, ಇಲ್ಲದ್ದು ಕಾಣುವುದು ಆಗಬಹುದು. ಒಂದು ಸುತ್ತಿಗೂ ಮೂರು ಸುತ್ತಿಗೂ ಎಷ್ಟು ಇಳಿಯಿತೆಂದು ಅಳೆಯುವ ಮಾಪ ಸಾಣೆಕಲ್ಲಿಗೆ ಇಲ್ಲ, ಮೂರು ನಾಲ್ಕು ಕಿಲೋ ತೂಗುವ ಮೈಗೆ ಸಣ್ಣ ಹೆಚ್ಚಳವೂ ದೊಡ್ಡದೇ. ಬಜೆಯ ಬೇರಿನಲ್ಲಿರುವ ಬೀಟಾ ಅಸರೋನ್ ಎಂಬ ಅಂಶ ಪ್ರಾಣಿಗಳಲ್ಲಿ ಗಡ್ಡೆ ಬೆಳೆಸಿದ್ದರಿಂದ ಅಮೆರಿಕ 1968ರಲ್ಲಿಯೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಕೂಸು ರಾತ್ರಿ ಏಳುವುದು ರೋಗವೂ ಅಲ್ಲ: ಹುಟ್ಟಿದ ಶಿಶು ದಿನಕ್ಕೆ 14ರಿಂದ 17 ಗಂಟೆ ತುಂಡುತುಂಡಾಗಿ ಮಲಗುತ್ತದೆ, ಹಗಲು ರಾತ್ರಿಯ ಭೇದ ತಿಳಿಯುವ ಒಳಗಡಿಯಾರ ಅದರಲ್ಲಿ ಬಲಿಯಲು ಎರಡು ಮೂರು ತಿಂಗಳು ಬೇಕು. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರೂ ಬೇಡವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನೇ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುತ್ತಾರೆ. ಈ ಒಂದು ಮದ್ದನ್ನು ಮಾತ್ರ ಯಾವ ರಿಯಾಯಿತಿಯೂ ಇಲ್ಲದೆ ಬಿಡಬೇಕು, ಕೂಸನ್ನು ಮಲಗಿಸಲೆಂದು ಕೆಮ್ಮಿನ ಸಿರಪ್ ಕುಡಿಸುವುದನ್ನೂ ಇದರ ಜೊತೆಗೇ ಸೇರಿಸಬೇಕು.

ಹರಳೆಣ್ಣೆಯಲ್ಲಿ ನಂಬಿಕೆ ಕಾರಣದಲ್ಲಿ ಸೋತರೂ ಫಲದಲ್ಲಿ ಗೆಲ್ಲುತ್ತದೆ. ಎಣ್ಣೆ ತಂಪು, ಅದು ಮೈಯ ಉಷ್ಣವನ್ನು ಹೀರುತ್ತದೆ ಎಂಬುದು ಜನರ ವಿವರಣೆ. ಎಣ್ಣೆಗೆ ಕಾವು ಹೀರುವ ಗುಣವಿಲ್ಲ, ಆದರೆ ಹೆಬ್ಬೆರಳಿನಿಂದ ಅಂಗಾಲನ್ನು ಹಿಮ್ಮಡಿಯಿಂದ ಬೆರಳ ಬುಡದವರೆಗೆ ಒತ್ತಿ ಉಜ್ಜಿದಾಗ ಪಾದ ಬೆಚ್ಚಗಾಗಿ ಅಲ್ಲಿಯ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಬಿಸಿ ರಕ್ತ ಚರ್ಮದ ಹತ್ತಿರ ಬಂದು ಕಾವನ್ನು ಹೊರಗೆ ಬಿಡುತ್ತದೆ, ಹೀಗೆ ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ. ಕೈಕಾಲು ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಬರುತ್ತದೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಲಗುವ ಮುಂಚೆ ತಣ್ಣೀರು ಹೊಯ್ದುಕೊಳ್ಳಬೇಕೆಂಬ ಕಲ್ಪನೆಯೂ ಇದೇ ಕಾರಣಕ್ಕೆ ಅರ್ಧ ಸತ್ಯ: 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಲಗುವ ಒಂದೆರಡು ಗಂಟೆ ಮುಂಚೆ ಮಾಡಿದ ಬಿಸಿನೀರಿನ ಸ್ನಾನವು ನಿದ್ದೆ ಹತ್ತುವ ಸಮಯವನ್ನು ಸರಾಸರಿ 10 ನಿಮಿಷ ಕಡಿಮೆ ಮಾಡುವುದು ಕಂಡಿತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಹಗಲೆಲ್ಲ ಕಾದ ಮಾಳಿಗೆಯ ಮಣ್ಣು ರಾತ್ರಿ ಆ ಕಾವನ್ನು ಮನೆಯೊಳಕ್ಕೆ ಬಿಡುತ್ತದೆ, ಆರ್‌ಸಿಸಿ ಛಾವಣಿಯೂ ಅದಕ್ಕೆ ಕಡಿಮೆಯಿಲ್ಲ. ಅಂಗಳದಲ್ಲೋ ಮಾಳಿಗೆಯ ಮೇಲೋ ಹಾಸಿಕೊಂಡು, ಸೊಳ್ಳೆಪರದೆ ಕಟ್ಟಿ ಮಲಗುವ ಹಳೆಯ ರೂಢಿ ಯಾವ ಪಾಯಸಕ್ಕಿಂತಲೂ ಒಳ್ಳೆಯ ಮದ್ದು.

ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ; ಇತ್ತೀಚೆಗೆ ಮಲ್ಲಿಗೆಯ ತಲೆಗೆ ಇನ್ನೊಂದು ಹೆಗ್ಗಳಿಕೆಯನ್ನೂ ಕಟ್ಟಲಾಗಿದೆ, ಅದರ ಪರಿಮಳ ನಿದ್ದೆಗುಳಿಗೆಗೆ ಸಮ ಎಂದು. ಈ ಸುದ್ದಿಯ ಬೇರು 2010ರ ಜರ್ಮನಿಯ ಒಂದು ಸಂಶೋಧನೆಯಲ್ಲಿದೆ, ಅಲ್ಲಿ ಪರೀಕ್ಷೆಗೆ ಒಳಗಾದದ್ದು ಪ್ರಯೋಗಾಲಯದಲ್ಲಿ ತಯಾರಿಸಿದ ಕೃತಕ ಸುಗಂಧ, ಅದನ್ನು ಮೂಸಿದ್ದು ಪಂಜರದ ಇಲಿಗಳು. ದಿಂಬಿನ ಪಕ್ಕದ ಮಾಲೆ ಮನಸ್ಸಿಗೆ ಹಿತ ಕೊಡಬಹುದು, ಗುಳಿಗೆಯ ಕೆಲಸ ಮಾಡದು. ಆ ಹೂವಿಗಾಗಿ ನಸುಕಿನಲ್ಲೇ ಎದ್ದು ಮೊಗ್ಗು ಬಿಡಿಸುವವರ ನಿದ್ದೆಯನ್ನಂತೂ ಅದು ಕಡಿಮೆಯೇ ಮಾಡುತ್ತದೆ.

ಕುಡಿತ ನಿದ್ದೆ ತರುತ್ತದೆಂಬುದು ರಾತ್ರಿಯ ಮೊದಲರ್ಧಕ್ಕೆ ಮಾತ್ರ ಸಲ್ಲುವ ಮಾತು; ಮದ್ಯ ಕರಗುತ್ತ ಬಂದಂತೆ ಎರಡನೆಯ ಅರ್ಧದಲ್ಲಿ ನಿದ್ದೆ ಹರಿಯುತ್ತದೆ, ಗೊರಕೆ ಮತ್ತು ಉಸಿರುಕಟ್ಟುವಿಕೆ ಹೆಚ್ಚುತ್ತವೆ. ಚಹಾ ಕುಡಿದರೂ ತನಗೆ ನಿದ್ದೆ ಬರುತ್ತದೆಂದು ಹೇಳುವವರಲ್ಲೂ ಕೆಫೀನ್ ಅಡಿನೋಸಿನ್‌ನ ಜಾಗವನ್ನು ಹಿಡಿದಿರುತ್ತದೆ, ಅದರ ಅರ್ಧಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು.

ನಾಟಿ ಔಷಧಕ್ಕೆ ಅಡ್ಡಪರಿಣಾಮವಿಲ್ಲ ಎಂಬ ಕಲ್ಪನೆಗೆ ಸರ್ಪಗಂಧವೇ ಉತ್ತರ. ಈ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುವುದನ್ನು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು, 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಔಷಧ ಬೇರ್ಪಟ್ಟಿತು; ಅದು ಮಂಪರು ತರಿಸುವುದು ಎಷ್ಟು ದಿಟವೋ ರಕ್ತದೊತ್ತಡವನ್ನು ಅತಿಯಾಗಿ ಇಳಿಸಬಲ್ಲದು, ಮನಸ್ಸನ್ನು ಖಿನ್ನತೆಗೆ ತಳ್ಳಬಲ್ಲದು ಎಂಬುದೂ ಅಷ್ಟೇ ದಿಟ. ಅಶ್ವಗಂಧದ ಬೇರಿನ ಮೇಲೆ ನಡೆದ ಐದು ಸಣ್ಣ ಪ್ರಯೋಗಗಳನ್ನು 2021ರಲ್ಲಿ ಒಟ್ಟಿಗೆ ನೋಡಿದಾಗ ಸ್ವಲ್ಪ ಅನುಕೂಲ ಕಂಡಿದೆ, ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ನೆಗಡಿಯ ಗುಳಿಗೆಯ ಮಂಪರಿಗೆ ದೇಹ ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತದೆ, ವಯಸ್ಸಾದವರಲ್ಲಿ ಅದು ಗಲಿಬಿಲಿಗೂ ಬೀಳುವುದಕ್ಕೂ ದಾರಿ. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಆಲ್ಪ್ರಜೋಲಾಂ ಗುಳಿಗೆಯಂತೂ ಚಟವಾಗಬಲ್ಲದು, ಒಮ್ಮೆಲೇ ಬಿಟ್ಟರೆ ಅಪಾಯ.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ನಿದ್ದೆಗೇಡನ್ನು ಬರೀ ಆಹಾರದ ಪ್ರಶ್ನೆಯೆಂದು ತಿಳಿಯುವುದು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಬೋರಿನ ಮೋಟಾರು ಹಾಕಲು ಎದ್ದು ಹೋಗುವ, ಕರಡಿ ಹಂದಿಗಳಿಂದ ಬೆಳೆ ಕಾಯಲು ಹೊಲದಲ್ಲೇ ರಾತ್ರಿ ಕಳೆಯುವ ರೈತನಿಗೆ ಯಾವ ಹಾಲೂ ನಿದ್ದೆ ಕೊಡಲಾರದು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ವೈದ್ಯಶಾಸ್ತ್ರ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತದೆ, ಅದಕ್ಕೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ, ಮಲಗುವ ಏಳುವ ರೂಢಿಯನ್ನೂ ನಿದ್ದೆಯ ಬಗೆಗಿನ ಆತಂಕವನ್ನೂ ತಿದ್ದುವ ಮನಶ್ಚಿಕಿತ್ಸೆ. ನಸುಕಿಗೆ ಮುಂಚೆಯೇ ಎಚ್ಚರವಾಗಿ, ಮನಸ್ಸು ಕುಗ್ಗಿ, ಊಟ ಸೇರದೆ ಹೋದರೆ ಅದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಇದನ್ನು ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಗುರುತಿಸಿ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ಆಗ ಈ ಐದೂ ಊರುಗಳನ್ನು ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯಲ್ಲಿ, 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆ ಚಿಕಿತ್ಸೆ ಈಗಲೂ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಫೋನಿನಲ್ಲಿ ಮಾತಾಡಬೇಕೆನ್ನುವವರಿಗೆ 14416 ಎಂಬ ಟೆಲಿಮಾನಸ್ ಸಂಖ್ಯೆ ಹಗಲೂ ರಾತ್ರಿಯೂ, ಕನ್ನಡದಲ್ಲಿ, ಉಚಿತವಾಗಿ ಸಿಗುತ್ತದೆ.