ಗುಂಪಿಗೆ ತಕ್ಕ ಕಡಲಗುಡ್ಡ

ಶನಿವಾರ ಬೆಳಗಿನ ಆರು ಗಂಟೆ. ಬೆಂಗಳೂರಿನ ಜ್ಞಾನಭಾರತಿ ಆವರಣದ ಮರಗಳ ನಡುವೆ ವಾಕಿಂಗ್ ಗುಂಪುಗಳು ಒಂದರ ಹಿಂದೊಂದು ಸಾಗುತ್ತವೆ. ಕೆಂಗೇರಿ, ನಾಗರಬಾವಿ, ಮಲ್ಲತ್ತಹಳ್ಳಿ ಕಡೆಯ ಜನ. ಮಳೆಗಾಲ ಮುಗಿದು ನವೆಂಬರ್ ಬಂತೆಂದರೆ ಇಂಥ ಗುಂಪುಗಳ ಮಾತು ಪಡುವಣ ಕಡಲಿನತ್ತ ಹೊರಳುತ್ತದೆ. ‘ಗೋಕರ್ಣದ ಗುಡ್ಡ ಹತ್ತೋಣವಾ?’ ಎಂದು ಯಾರೋ ಕೇಳುತ್ತಾರೆ, ಎಲ್ಲರೂ ಹೂಂ ಎನ್ನುತ್ತಾರೆ. ಆ ‘ಎಲ್ಲರ’ಲ್ಲಿ ಮೊಣಕಾಲು ನೋವಿನ ಅಜ್ಜಿ, ಎಂಟು ವರ್ಷದ ಮೊಮ್ಮಗ, ಮ್ಯಾರಥಾನ್ ಓಡುವ ಅಳಿಯ ಮೂವರೂ ಸೇರಿರುತ್ತಾರೆ ಎಂಬುದು ನೆನಪಾಗುವುದು ಗುಡ್ಡದ ಬುಡದಲ್ಲಿ ನಿಂತಾಗ.

ಹೋಗುವುದೇನೋ ಈಗ ಸಲೀಸು. 2021ರ ಆಗಸ್ಟ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಕೆಂಗೇರಿವರೆಗೆ ಚಾಚಿದ ಮೇಲೆ ಜ್ಞಾನಭಾರತಿ ನಿಲ್ದಾಣದಲ್ಲಿ ಹತ್ತಿದವರು ಎಲ್ಲೂ ಬದಲಿಸದೆ ನಗರ ರೈಲು ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಸಂಜೆ ಹೊರಡುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಸಕಲೇಶಪುರದ ಘಾಟಿಯನ್ನು ರಾತ್ರಿಯಲ್ಲೇ ಇಳಿದು, ಬೆಳಗಾಗುವಾಗ ಕರಾವಳಿಯಲ್ಲಿರುತ್ತದೆ. ಬೈಂದೂರು, ಹೊನ್ನಾವರ, ಕುಮಟಾ, ಗೋಕರ್ಣ ರೋಡ್ ಎಲ್ಲವೂ ಅದೇ ಹಳಿಯ ಮೇಲಿವೆ. ಯಾವ ನಿಲ್ದಾಣದಲ್ಲಿ ಇಳಿಯಬೇಕು ಎನ್ನುವುದೇ ಕುಳಿತು ಯೋಚಿಸಬೇಕಾದ ವಿಷಯ.

ಇಂಗ್ಲೆಂಡಿನ ನೈರುತ್ಯ ಕರಾವಳಿಯಲ್ಲಿ ಸಾವಿರ ಕಿಲೋಮೀಟರಿಗೂ ಉದ್ದದ ಕಡಲಂಚಿನ ಕಾಲುಹಾದಿಯಿದೆ. ಅದರ ತುಂಡುಗಳಿಗೆ ಸುಲಭ, ಮಧ್ಯಮ, ಕಠಿಣ ಎಂಬ ದರ್ಜೆ ಕೊಟ್ಟಿದ್ದಾರೆ. ಹೊರಡುವವರು ಮನೆಯಲ್ಲೇ ಕುಳಿತು ತಮಗೆ ಹೊಂದುವುದನ್ನು ಆರಿಸಿಕೊಳ್ಳುತ್ತಾರೆ. ನಮ್ಮ ಕಡಲಗುಡ್ಡಗಳಿಗೆ ಆ ದರ್ಜೆಯನ್ನು ಹೊರಡುವವರೇ ಹಾಕಿಕೊಳ್ಳಬೇಕು.

ಅಜ್ಜಿ, ಮೊಮ್ಮಗ ಇದ್ದರೆ

ಬೈಂದೂರಿನ ಒತ್ತಿನೆಣೆ ಗುಡ್ಡ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಕ್ಷಿತಿಜ ನೇಸರಧಾಮದಲ್ಲಿ ಸ್ವಲ್ಪವೇ ನಡೆದರೂ ಕಣ್ಣ ಮುಂದೆ ಕಡಲು ಹರಡಿಕೊಳ್ಳುತ್ತದೆ. ಕೆಳಗೆ ಸೋಮೇಶ್ವರ ದೇವಸ್ಥಾನ, ಪಕ್ಕದಲ್ಲಿ ಸಮುದ್ರ ಸೇರುವ ಹೊಳೆ. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡವೂ ಇಂಥದ್ದೇ. ಮೇಲಿನ ಉದ್ಯಾನದಿಂದ ಕಡಲು ಕಾಣುತ್ತದೆ, ಕೆಳಗೆ ಜಲಪಾತ ಮತ್ತು ಕೊಳ. ಕೊಳಕ್ಕೆ ಮೆಟ್ಟಿಲಿಳಿಯಲಾಗದವರು ಮೇಲೇ ಉಳಿದರೂ ಕಳೆದುಕೊಳ್ಳುವುದು ಹೆಚ್ಚಿಲ್ಲ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಸಿಗುವ ನೀಲಿ ಬಾವುಟದ ಮಾನ್ಯತೆಯನ್ನು 2020ರಲ್ಲಿ ಪಡೆದ ಕಾಸರಕೋಡು ಕಡಲತೀರ ಹತ್ತಿರದಲ್ಲೇ ಇರುವುದರಿಂದ ಮಕ್ಕಳಿಗೆ ದಿನ ತುಂಬುತ್ತದೆ.

ಕಾಸರಗೋಡಿನ ಕಡೆ ಹೋಗುವವರಿಗೆ ಬೇಕಲ ಕೋಟೆಯಿದೆ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ್ದು, ಸುಮಾರು ನಲವತ್ತು ಎಕರೆಯ ವಿಸ್ತಾರ. ಕಡಲಿಗೆ ಚಾಚಿದ ಕೋಟೆಗೋಡೆಯ ಒಳಗೆ ನಿಧಾನವಾಗಿ ಸುತ್ತಬಹುದು. ದಣಿದವರು ಕೂರುತ್ತಾರೆ, ದಣಿಯದವರು ನಡುವಿನ ವೀಕ್ಷಣಾ ಗೋಪುರ ಏರುತ್ತಾರೆ. ಗುಂಪು ಚದುರಿದರೂ ಕಳೆದುಹೋಗುವುದಿಲ್ಲ.

ನಡಿಗೆಯ ರೂಢಿ ಇದ್ದವರಿಗೆ

ಗೋಕರ್ಣದ ಹಾದಿಯ ದೊಡ್ಡ ಗುಣವೆಂದರೆ ಅದನ್ನು ತುಂಡು ಮಾಡಿಕೊಳ್ಳಬಹುದು. ಊರಿನ ತೀರದ ತುದಿಯಲ್ಲಿ ರಾಮಮಂದಿರದ ಬಳಿ ಮೆಟ್ಟಿಲು ಹತ್ತಿದರೆ ಕೆಂಪು ಕಲ್ಲಿನ ಬಯಲು, ಆಚೆಗೆ ಕುಡ್ಲೆ. ಇನ್ನೊಂದು ಗುಡ್ಡ ದಾಟಿದರೆ ಓಂ ತೀರ. ಅಲ್ಲಿಯವರೆಗೆ ಆಟೊ ಬರುತ್ತದೆ. ಸುಸ್ತಾದವರನ್ನು ವಾಪಸು ಕಳುಹಿಸಲು ಅದೇ ಸರಿಯಾದ ಜಾಗ. ಮುಂದಿನ ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳ ನಡುವೆ ವಾಹನದ ರಸ್ತೆ ಇಲ್ಲ. ಕಾಲುಹಾದಿ ಕಡಿದಾದ ಅಂಚಿನಲ್ಲಿ, ಬಂಡೆಗಳ ಮೇಲೆ ಸಾಗುತ್ತದೆ. ಓಂ ತೀರದಲ್ಲಿ ಹತ್ತು ನಿಮಿಷ ಕೂತು, ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸುವ ಗುಂಪಿಗೆ ಈ ಹಾದಿ ಸಂತೋಷ ಕೊಡುತ್ತದೆ.

ಗಟ್ಟಿ ಕಾಲಿನವರಿಗೆ

ಕುಮಟಾದ ವನ್ನಳ್ಳಿಯಿಂದ ಕಡ್ಲೆ, ಬಾಡ, ಕಾಗಾಲ ದಾಟಿ ಅಘನಾಶಿನಿ ಹಳ್ಳಿ ಮುಟ್ಟಿ, ದೋಣಿಯಲ್ಲಿ ತದಡಿಗೆ ದಾಟಿ ಗೋಕರ್ಣ ಸೇರುವುದು ಎರಡು ದಿನದ ನಡಿಗೆ. ಗುಡ್ಡದ ನೆತ್ತಿ, ಮರಳು, ಮೀನುಗಾರರ ಕೇರಿ, ಮತ್ತೆ ಗುಡ್ಡ. ನಡುವೆ ಸಿಗುವ ಅಘನಾಶಿನಿ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ಅದರ ಅಳಿವೆಗೆ 2024ರಲ್ಲಿ, ಮಹತ್ವದ ಜೌಗುಭೂಮಿಗಳಿಗೆ ಸಲ್ಲುವ ರಾಮ್ಸರ್ ಮಾನ್ಯತೆ ಸಿಕ್ಕಿತು. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವುದು, ಚಿಪ್ಪಿಕಲ್ಲು ಹೆಕ್ಕಿ ಸಾವಿರಾರು ಮನೆಗಳು ಬದುಕುವುದು ಇಲ್ಲೇ. ಓಡಿ ಮುಗಿಸುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಆದ್ದರಿಂದ ಈ ಹಾದಿ ಗಟ್ಟಿ ಕಾಲಿನ ಜೊತೆಗೆ ಪುರುಸೊತ್ತೂ ಇರುವ ಆರೆಂಟು ಜನರ ಗುಂಪಿಗೆ.

ಅಂಚು, ಅಲೆ, ಬಿಸಿಲು

ಯಾವ ಗುಂಪಾದರೂ ಮಣ್ಣಿನ ಗುಣ ತಿಳಿದಿರಬೇಕು. ಕರಾವಳಿಯ ಇಂಥ ಗುಡ್ಡಗಳ ಮೇಲ್ಪದರ ಗಟ್ಟಿ ಮುರಕಲ್ಲು. ಅದರಡಿಯಲ್ಲಿ ಹಲವೆಡೆ ಮೆದುವಾದ ಶೇಡಿಮಣ್ಣು. ಮಳೆಗೆ ಅಡಿಮಣ್ಣು ಕೊರೆದುಹೋದರೆ ಮೇಲಿನ ಕಲ್ಲು ಆಸರೆಯಿಲ್ಲದೆ ಚಾಚಿಕೊಂಡು ನಿಂತಿರುತ್ತದೆ. ಮೇಲೆ ನಿಂತವರಿಗೆ ಇದು ತಿಳಿಯುವುದೇ ಇಲ್ಲ. ಸೆಲ್ಫಿಗಾಗಿ ತುದಿಗೆ ಹೋಗಬಾರದು ಎನ್ನುವುದಕ್ಕೆ ಕಾರಣ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಆ ತಿಂಗಳುಗಳಲ್ಲಿ ಈ ಹಾದಿಗಳನ್ನು ಬಿಡುವುದೇ ಸರಿ. ಉಳಿದ ಕಾಲದಲ್ಲೂ ಬೋಳು ಬಯಲಿನಲ್ಲಿ ನೆರಳಿಲ್ಲ, ಹತ್ತು ಗಂಟೆಯೊಳಗೆ ಗುಡ್ಡ ಇಳಿದಿರಬೇಕು.

ಬಂಡೆಗಳ ಬುಡದಲ್ಲಿ ಇಳಿತದ ಹೊತ್ತಿಗೆ ಇದ್ದ ದಾರಿ ಉಬ್ಬರಕ್ಕೆ ಮುಚ್ಚಿಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರು ಇನ್ನೂ ಮೇಲೇರುತ್ತದೆ. ಹೊತ್ತು ಕೇಳಬೇಕಾದದ್ದು ಅಲ್ಲಿನ ಮೀನುಗಾರರನ್ನು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಕ್ಕಳಿರುವ ಗುಂಪು ಗುಡ್ಡ ಇಳಿದು ತೀರ ಮುಟ್ಟಿದ ಮೇಲೂ ತಲೆ ಎಣಿಸುತ್ತಲೇ ಇರಬೇಕು.

ಮೊದಲು ಇಲ್ಲೇ ನಡೆದು ನೋಡಿ

ಇಷ್ಟಕ್ಕೂ ಗುಂಪಿನ ತಾಕತ್ತು ತಿಳಿಯಲು ಕಡಲವರೆಗೆ ಹೋಗಬೇಕಿಲ್ಲ. ಸಾವಿರ ಎಕರೆ ಮೀರಿದ ಜ್ಞಾನಭಾರತಿ ಆವರಣವೇ ಸಾಕು. ಟಿಕೆಟ್ ಕಾಯ್ದಿರಿಸುವ ಮೊದಲು ಎರಡು ಭಾನುವಾರ ಎಲ್ಲರೂ ಒಟ್ಟಿಗೆ, ಎರಡು ಲೀಟರ್ ನೀರಿನ ಚೀಲ ಹೊತ್ತು ನಡೆಯಲಿ. ಗಡಿಯಾರ ನೋಡಬೇಕಾದದ್ದು ಎಲ್ಲರಿಗಿಂತ ಹಿಂದೆ ಬರುವವರ ಹೆಜ್ಜೆಗೆ. ಅವರು ಒಂದು ಗಂಟೆಗೆ ದಣಿದರೆ ಒತ್ತಿನೆಣೆ, ಅಪ್ಸರಕೊಂಡ. ಎರಡು ಗಂಟೆ ನಗುತ್ತಾ ನಡೆದರೆ ಕುಡ್ಲೆ, ಓಂ. ಮರುದಿನವೂ ಅಷ್ಟೇ ದೂರಕ್ಕೆ ತಯಾರಿದ್ದರೆ ಕುಮಟಾ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪಿನ ಊರು. ಕರಾವಳಿಯ ಸೆಖೆಯಲ್ಲಿ ಅದೇ ದೂರಕ್ಕೆ ಇನ್ನಷ್ಟು ಹೊತ್ತು ಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ನಿಲ್ದಾಣದ ಹೆಸರು ಬರೆಯಿರಿ.